ಇಲ್ಲ ಅನ್ನಬಾರದ ಅಂಗಡಿ

ನವೆಂಬರ್ 1, ಶನಿವಾರ

ಎಣ್ಣೆ ಕಂಪನಿಯವರು ಜನವರಿಯಲ್ಲಿ ಪುಕ್ಕಟೆ ಕೊಟ್ಟ ಡೈರಿ ಇದು. ಹತ್ತು ತಿಂಗಳು ಗಲ್ಲಾದ ಮೇಲೆ ಬಿದ್ದುಕೊಂಡು ಟೀ ಲೋಟದ ಗುರುತುಗಳನ್ನು ಹೊಡೆಸಿಕೊಂಡಿದೆ. "ಒಬ್ಬರೇ ಮಾತಾಡಿಕೊಳ್ಳೋ ಬದ್ಲಿ ಅದರಾಗ ಬರೀರಿ. ಗಿರಾಕಿ ನೋಡಿ ನಗಾಕ ಹತ್ಯಾರ," ಎಂದಳು ನನ್ನ ಹೆಂಡತಿ ವಿಜಯಶ್ರೀ. ಸರಿ, ಬರೆಯುತ್ತಿದ್ದೇನೆ. ಆಂಧ್ರ ಗಡಿಯ ಆದೋನಿಯ ಕಿರಾಣಿ ವ್ಯಾಪಾರಿ, ವಯಸ್ಸು ನಲವತ್ತೊಂಬತ್ತು, ಬುದ್ಧಿಯ ವಯಸ್ಸು ಇನ್ನೂ ಗೊತ್ತಾಗಿಲ್ಲ.

ಮಳೆ ಎಂಟು ದಿನ ಹೊಡೆಯಿತು. ಸುತ್ತಲ ಹೊಲಗಳಲ್ಲಿ ಕಾಯಿಪಲ್ಯ ಗಿಡದಲ್ಲೇ ಕೊಳೆತುಹೋಯಿತು. ಅದರ ಮೇಲೆ ಕಾರ್ತೀಕ ಮಾಸ. ವರ್ಷವೆಲ್ಲ ಕೋಳಿ ಕುರಿ ತಿನ್ನುವವರೂ ಈ ತಿಂಗಳು ಮಡಿವಂತರಾಗಿ ಬದನೆಕಾಯಿ ಕೇಳಿಕೊಂಡು ಬರುತ್ತಾರೆ. ನಾನೋ, ಜೂನ್ ತಿಂಗಳಲ್ಲಿ ದೊಡ್ಡ ಶಾಣ್ಯಾನ ಹಾಗೆ ಅಕ್ಕಿ ಬೇಳೆ ಸಾಲದೆಂದು ತರಕಾರಿಗೂ ಒಂದು ರ‍್ಯಾಕ್ ಮಾಡಿಸಿ, ಬಾಗಿಲ ಮೇಲೆ "ತಾಜಾ ತರಕಾರಿ ಸದಾ ಸಿಗುತ್ತದೆ" ಎಂದು ತೆಲುಗಿನಲ್ಲಿ ದೊಡ್ಡದಾಗಿ, ಕನ್ನಡದಲ್ಲಿ ಸಣ್ಣದಾಗಿ ಬರೆಸಿದ್ದೇನೆ. "ಸದಾ" ಎಂಬುದನ್ನು ಕೆಂಪು ಬಣ್ಣದಲ್ಲಿ ಬರಿ ಎಂದು ಪೇಂಟರಿಗೆ ಹೇಳಿದವನೂ ನಾನೇ.

ಇವತ್ತು ರ‍್ಯಾಕಿನ ಹಿಂದೆ ಹಳೆಯ ಕನ್ನಡಿ ನಿಲ್ಲಿಸಿದೆ. ಬುಟ್ಟಿಗಳನ್ನು ಬೋರಲು ಹಾಕಿ ಮೇಲೆ ಟೊಮೆಟೊ ಜೋಡಿಸಿದೆ. ಹನ್ನೊಂದು ಟೊಮೆಟೊ ಇಪ್ಪತ್ತೆರಡಾಗಿ ಕಂಡವು. ಒಬ್ಬಾಕೆ ಬಂದು ಕನ್ನಡಿಯತ್ತ ಬೆರಳು ಮಾಡಿ, "ಮುಂದಿನವು ಬ್ಯಾಡ, ಆ ಹಿಂದಿನವು ಕೊಡ್ರಿ, ಚಲೋ ಅದಾವ," ಎಂದಳು. ಕೊಡುವುದು ಹೇಗೆಂದು ತಿಳಿಯದೆ "ಅವು ನಾಳಿಗೆ" ಎಂದೆ.

ಇಲ್ಲಿ ಒಂದು ಮಾತು ಬರೆದಿಡಬೇಕು. ನಮ್ಮ ಅಂಗಡಿಯಲ್ಲಿ ಗಿರಾಕಿಗೆ "ಇಲ್ಲ" ಅನ್ನುವ ಹಾಗಿಲ್ಲ. ಅದು ನಮ್ಮಪ್ಪ ಗುರುಪಾದಯ್ಯನವರ ಕಾನೂನು. ನನಗೆ ಒಂಬತ್ತು ವರ್ಷವಾಗಿದ್ದಾಗ ಯಾರೋ ಏನೋ ಕೇಳಿಕೊಂಡು ಬಂದರು, ನಾನು "ಇಲ್ಲ" ಎಂದೆ, ಅಪ್ಪ ಕಪಾಳಕ್ಕೆ ಒಂದು ಬಿಟ್ಟರು. ಅಪ್ಪ ಹೋಗಿ ಇಪ್ಪತ್ತೆರಡು ವರ್ಷವಾಯಿತು. ನಾನು ಆ ಮಾತನ್ನು ಬಾಯಿಗೆ ತಂದಿಲ್ಲ. "ಬರ್ತೈತಿ" ಅನ್ನುತ್ತೇನೆ. "ದಾರ್ಯಾಗೈತಿ" ಅನ್ನುತ್ತೇನೆ. "ನಾಳೆ" ಅನ್ನುತ್ತೇನೆ. ಕಾನೂನು ಕನ್ನಡಕ್ಕೆ ಮಾತ್ರ ಇರಬಹುದೆಂದು ಒಮ್ಮೆ ತೆಲುಗಿನಲ್ಲಿ "ಲೇದು" ಎಂದು ನೋಡಿದೆ. ಅವ್ವ ಕೆಮ್ಮಿದಳು. ಅವ್ವ ವೀರಬಸಮ್ಮ, ಎಪ್ಪತ್ತಾರು, ಬೆಳಗಿನಿಂದ ಮಧ್ಯಾಹ್ನದ ತನಕ ಒಣಮೆಣಸಿನಕಾಯಿ ಮೂಟೆಯ ಪಕ್ಕ ಕುರ್ಚಿ ಹಾಕಿಕೊಂಡು ಅಂಗಡಿ ಕಾಯುತ್ತಾಳೆ. ನಾನು ಕಾನೂನು ಮುರಿಯಲು ಹೊರಟಾಗೆಲ್ಲ ಕೆಮ್ಮುತ್ತಾಳೆ.

ನವೆಂಬರ್ 2, ಭಾನುವಾರ

ಉಚ್ಚಮ್ಮ ಬಂದಿದ್ದಳು. ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುವವಳು. ಖಾನಾವಳಿ ಎಂದರೆ ಮನೆಯ ಮುಂದೆ ತಗಡು, ತಗಡಿನ ಕೆಳಗೆ ಕಟ್ಟಿಗೆ ಒಲೆ, ಒಲೆಯ ಮುಂದೆ ಹೊಗೆಗೆ ಕೆಂಪಾದ ಅವಳ ಎರಡು ಕಣ್ಣು. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಅಡುಗೆ ಕೋಣೆ ಖಾಲಿಯಾಗಿದೆಯಂತೆ. ಗ್ಯಾಸು, ನಳ, ಕಲ್ಲು ಹಾಸಿದ ನೆಲ. ನಾಳೆಯಿಂದ ಶನಿವಾರದ ತನಕ ನಲವತ್ತು ಜನಕ್ಕೆ ಊಟ ಮಾಡಿ ಒಯ್ದು ತೋರಿಸಬೇಕು. ಮೆಚ್ಚಿದರೆ ಕೋಣೆ ಅವಳಿಗೆ.

"ಅಣ್ಣ, ದಿನಾ ಎಂಟು ಕೆಜಿ ಕಾಯಿಪಲ್ಯ ಬೇಕು. ಆಗ್ತೈತಿ ಅಂದ್ರ ಆಗ್ತೈತಿ ಅನ್ರಿ, ಇಲ್ಲ ಅಂದ್ರ ಇಲ್ಲ ಅನ್ರಿ. ಹೊಳಗುಂದದಾಗ ನಮ್ಮಕ್ಕ ಶಾಂತಕ್ಕನ ಹೊಲ ಐತಿ. ಎತ್ತರದ ಹೊಲ, ಮಳಿಗೆ ಏನೂ ಆಗಿಲ್ಲ. ಈಗ ಫೋನ್ ಮಾಡಿದ್ರ ದಿನಾ ಮೊದಲ್ನೇ ಬಸ್ಸಿಗೆ ಹಾಕ್ತಾಳ. ಇವತ್ತು ಹೇಳದಿದ್ರ ಬ್ಯಾರೇರಿಗೆ ಮಾತು ಕೊಟ್ಟುಬಿಡ್ತಾಳ."

ಇಷ್ಟು ಬಿಡಿಸಿ ಯಾರೂ ಕೇಳಿರಲಿಲ್ಲ. ಉತ್ತರವನ್ನೂ ಅವಳೇ ನನ್ನ ಬಾಯಿಗೆ ಇಟ್ಟಿದ್ದಳು. ನನ್ನ ಹಿಂದೆ ಕನ್ನಡಿಯಲ್ಲಿ ಹದಿನಾಲ್ಕು ಬದನೆಕಾಯಿ, ಅಸಲು ಏಳು. ಬಾಯಿ ತೆರೆದೆ. ಅವ್ವ ಕೆಮ್ಮಿದಳು.

"ಆರು ದಿನದ ಮಾತೇನು ಉಚ್ಚಮ್ಮ, ಬರ್ತೈತಿ," ಎಂದೆ.

ಅವಳ ಮುಖ ಅರಳಿತು. ಬಸ್ ಸ್ಟ್ಯಾಂಡಿಗೆ ಹೋಗಿ ಮೂಟೆ ಇಳಿಸಿಕೊಳ್ಳುವ ಹೊತ್ತು ಉಳಿಯಿತು, ಆ ಹೊತ್ತಿಗೆ ಇಪ್ಪತ್ತು ರೊಟ್ಟಿ ಬಡಿಯುತ್ತೇನೆ ಎಂದಳು. ನನಗೂ ಆ ಗಳಿಗೆಯಲ್ಲಿ ಬಹಳ ಚಲೋ ಅನಿಸಿತು. ಪರೋಪಕಾರಿ ಅನಿಸಿತು.

ನವೆಂಬರ್ 3, ಸೋಮವಾರ

ಗೆದ್ದೆ. ನನ್ನ ಸಾಮಾನು ತರುವ ಆಟೊ ಆಂಜಿ ಇಪ್ಪತ್ತೈದು ಕೆಜಿ ತರುತ್ತೇನೆಂದು ಮಾರ್ಕೆಟ್ಟಿಗೆ ಹೋಗಿ ಒಂಬತ್ತು ತಂದ. ಎಂಟು ಉಚ್ಚಮ್ಮನಿಗೆ ತೂಗಿದೆ. ಉಳಿದ ಒಂದು ಕೆಜಿಯನ್ನು ಕನ್ನಡಿಯ ಮುಂದಿಟ್ಟು ಎರಡು ಮಾಡಿದೆ. ಹದಿನೇಳು ಜನಕ್ಕೆ "ನಾಳೆ" ಎಂದೆ.

ಕಾರ್ತೀಕ ಸೋಮವಾರ, ಉಪವಾಸ. ಹೊಟ್ಟೆಯಲ್ಲೂ ಏನೂ ಇಲ್ಲ, ರ‍್ಯಾಕಿನಲ್ಲೂ ಏನೂ ಇಲ್ಲ. ಬರೆಯಬಹುದು, ಅನ್ನಬಾರದು ಅಷ್ಟೇ.

ನವೆಂಬರ್ 4, ಮಂಗಳವಾರ

ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ನಾಳೆ ದಸ್ತಗಿರಮ್ಮ ಓಣಿಗೆಲ್ಲ ಹೇಳುವುದರೊಳಗೆ ನನ್ನ ಪಾಲಿನ ಕಥೆಯೂ ಎಲ್ಲಾದರೂ ಇರಲಿ.

ಆಂಜಿ ಮೂರೇ ಕೆಜಿ ತಂದ. ಐದು ಕೆಜಿ ಎಲ್ಲಿಂದ ತರಲಿ? ಊರಿಗೆ ಹೊಸದಾಗಿ ಬಂದಿರುವ ದೊಡ್ಡ ಮಾರ್ಟಿಗೇ ಹೋದೆ. ಈ ಮಾರ್ಟಿನ ತರಕಾರಿ ಮೂರು ದಿನ ಹಳೆಯದು ಎಂದು ಗಿರಾಕಿಗಳಿಗೆ ದಿನಾ ಹೇಳುವವನು ನಾನು. ಗುರುತು ಸಿಗಬಾರದೆಂದು ಮಫ್ಲರ್ ಸುತ್ತಿಕೊಂಡೆ, ಅದರ ಮೇಲೆ ಮಾಸ್ಕ್, ಅದರ ಮೇಲೆ ಹೆಲ್ಮೆಟ್. ಅಲ್ಲೂ ಕೊರತೆಯೇ. ತಲೆಗೆ ಅರ್ಧ ಕೆಜಿ ಎಂದು ಚೀಟಿ ಅಂಟಿಸಿದ್ದರು. ಚೀಟಿ ಅಂಟಿಸಿ ಆರಾಮಾಗಿದ್ದರು, ಯಾರೂ ಅವರ ಕಪಾಳಕ್ಕೆ ಹೊಡೆಯುತ್ತಿರಲಿಲ್ಲ. ನಾನು ಅರ್ಧರ್ಧ ಕೆಜಿಯಂತೆ ನಾಲ್ಕು ಸಲ ಸುತ್ತು ಹಾಕಿದೆ. ನಾಲ್ಕನೇ ಸಲ ಬಿಲ್ ಮಾಡುವ ಹುಡುಗಿ, "ಅಂಕುಲ್, ಹೆಲ್ಮೆಟ್ ತೀಯಂಡಿ," ಎಂದಳು. ತೆಗೆದೆ. ಹಿಂದಿನ ಸಾಲಿನಲ್ಲಿ ನಮ್ಮ ಓಣಿಯ ದಸ್ತಗಿರಮ್ಮ. ಬೆಳಿಗ್ಗೆಯಷ್ಟೇ ಅವಳಿಗೆ "ನಾಳೆ ಬರ್ತೈತಿ" ಎಂದಿದ್ದೆ.

"ಏನ್ರಿ ಸಾವ್ಕಾರ್ರ, ನಾಳೆ ಬರ್ತೈತಿ ಅಂದ್ರಲ್ಲ. ಇಲ್ಲಿಂದನ ಬರ್ತೈತೇನು?" ಎಂದಳು.

ಉಳಿದ ಮೂರು ಕೆಜಿಯನ್ನು ತಳ್ಳುಗಾಡಿಗಳ ಹಿಂದೆ ಓಡಾಡಿ ಕೂಡಿಸಿದೆ. ಉಚ್ಚಮ್ಮನಿಗೆ ಮಾತ್ರ ಎಂಟು ಕೆಜಿ ಮುಟ್ಟಿತು.

ನವೆಂಬರ್ 5, ಬುಧವಾರ

ಹುಣ್ಣಿಮೆ. ಎಂಟಕ್ಕೆ ಎಂಟೂ ಕೆಜಿ ಸೋರೆಕಾಯಿ. ಉಚ್ಚಮ್ಮ ತಕ್ಕಡಿ ನೋಡಿದಳು, ನನ್ನನ್ನು ನೋಡಿದಳು, ಎತ್ತಿಕೊಂಡು ಹೋದಳು.

ನವೆಂಬರ್ 6, ಗುರುವಾರ

ಬೆಳಿಗ್ಗೆ ಐದೂ ಹತ್ತಕ್ಕೆ ಆಂಜಿಯ ಫೋನು. "ಅಣ್ಣ, ಏನೂ ಸಿಗಲಿಲ್ಲ. ಲಾರಿನ ಬಂದಿಲ್ಲ."

ಆರಕ್ಕೆ ಉಚ್ಚಮ್ಮ ಬಂದಳು. ಆಗಲೇ ಹೇಳಬಹುದಿತ್ತು. ಗೊತ್ತಾಗಿ ಐವತ್ತು ನಿಮಿಷವಾಗಿತ್ತು. "ಆಟೊ ಎಮ್ಮಿಗನೂರು ರೋಡಿನಾಗೈತಿ," ಎಂದೆ. ಏಳಕ್ಕೆ "ಟೈರು ಪಂಕ್ಚರಂತ" ಎಂದೆ. ಎಂಟಕ್ಕೆ "ಹೊಸ ಟ್ಯೂಬ್ ಹಾಕಾಕ ಹತ್ಯಾನ" ಎಂದೆ. ಆ ಪಂಕ್ಚರನ್ನು ನಾನೇ ಎಷ್ಟು ನಂಬಿದೆನೆಂದರೆ, ಆಂಜಿಗೆ ಟ್ಯೂಬಿನ ಖರ್ಚು ನಾನೇ ಕೊಡಬೇಕಲ್ಲ ಎಂಬ ಯೋಚನೆಯೂ ಬಂತು. ಉಚ್ಚಮ್ಮ ಮೆಟ್ಟಿಲ ಮೇಲೆ ಖಾಲಿ ಚೀಲ ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಮನೆಯಲ್ಲಿ ರೊಟ್ಟಿ ಬಡಿಯಲು ಪಕ್ಕದ ಜಂಬಮ್ಮನನ್ನು ಕೂರಿಸಿ ಬಂದಿದ್ದಳಂತೆ.

ಒಂಬತ್ತೂ ಇಪ್ಪತ್ತಕ್ಕೆ ನಮ್ಮ ಅಂಗಡಿಯ ಮುಂದೆಯೇ ಆಂಜಿಯ ಆಟೊ ಹೋಯಿತು. ಒಳಗೆ ಶಾಲೆಯ ಮಕ್ಕಳು. ನಾಲ್ಕೂ ದಿಕ್ಕಿಗೆ ಕೇಳುವ ಹಾಗೆ ಹಾರ್ನ್ ಹೊಡೆದು ನನಗೆ ಕೈ ಬೀಸಿ ಹೋದ.

ಉಚ್ಚಮ್ಮ ಎದ್ದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ. "ಎರಡು ಕೆಜಿ ತೊಗರಿಬ್ಯಾಳಿ ಕೊಡ್ರಿ," ಎಂದಳು, ಅಷ್ಟೇ. ನಲವತ್ತು ಜನಕ್ಕೆ ರೊಟ್ಟಿ, ನೀರು ಬೇಳೆ. ಅರ್ಧ ಜನ ತಾಟು ಎತ್ತಿಟ್ಟು ಹೊರಗೆ ಮಿರ್ಚಿ ತಿಂದರಂತೆ. ಇನ್ನೊಮ್ಮೆ ಹೀಗಾದರೆ ಕೋಣೆಯ ಮಾತು ಮರೆತುಬಿಡು ಎಂದರಂತೆ ಮಿಲ್ಲಿನ ಮ್ಯಾನೇಜರ್ ಶಿವಕೃಷ್ಣ. ಇದನ್ನೆಲ್ಲ ಅವಳು ಹೇಳಿದ್ದು ವಿಜಯಶ್ರೀಗೆ, ನನಗಲ್ಲ.

ನಾಚಿಕೆಯಾಗಿದೆ. ಇದರಲ್ಲಿ ಹಾಸ್ಯ ಹುಡುಕಿದೆ, ಸಿಗಲಿಲ್ಲ.

ನವೆಂಬರ್ 7, ಶುಕ್ರವಾರ

ಆಂಜಿ ಇವತ್ತೂ ಬರಿಗೈ. ಆರಕ್ಕೆ ಉಚ್ಚಮ್ಮ ಬಂದು ನಿಂತಳು. "ಅಣ್ಣ, ಇವತ್ತು?"

ನಾನು ಬಾಯಿ ತೆರೆದೆ. ಅವ್ವ ಕೆಮ್ಮಿದಳು. ನಿಂತೆ. ಮತ್ತೆ ತೆರೆದೆ. ಅವ್ವ ಮತ್ತೆ ಕೆಮ್ಮಿದಳು.

"ಇಲ್ಲ," ಎಂದೆ.

ಉಚ್ಚಮ್ಮನಿಗೆ ಸರಿಯಾಗಿ ಕೇಳಿಸಲಿಲ್ಲ. "ಏನಿಲ್ರಿ?"

"ಕಾಯಿಪಲ್ಯ ಇಲ್ಲ. ಇವತ್ತು ಇಲ್ಲ. ನಾಳೆನೂ ಇಲ್ಲ. ನಿನ್ನೆ ಇದ್ದಿದ್ದಿಲ್ಲ, ಪಂಕ್ಚರ್ ಆಗಿದ್ದಿಲ್ಲ. ಭಾನುವಾರ ನೀ ಕೇಳಿದಾಗನೂ ಇದ್ದಿದ್ದಿಲ್ಲ. ಮಂಗಳವಾರದ್ದು ಮಾರ್ಟಿಂದು." ಇಪ್ಪತ್ತೆರಡು ವರ್ಷದ ಬಾಕಿ ಒಂದೇ ಸಲ ಹೊರಬಿತ್ತು. ತಡೆಯದಿದ್ದರೆ ಕನ್ನಡಿಯ ವಿಷಯವನ್ನೂ ಹೇಳುತ್ತಿದ್ದೆ. ಹೇಳಿಯೇಬಿಟ್ಟೆ ಅಂತ ಕಾಣುತ್ತದೆ.

ಅವಳು ಖಾಲಿ ಚೀಲವನ್ನು ಮಡಿಚಿ ಕಂಕುಳಿಗೆ ಸಿಕ್ಕಿಸಿಕೊಂಡಳು. "ಇದನ್ನ ಭಾನುವಾರ ಅಂದಿದ್ರ ನಾ ಏನು ಸಿಟ್ಟಾಗ್ತಿದ್ದೆನೇನ್ರಿ? ನಿನ್ನಿ ರಾತ್ರಿ ಕೇಳಿದೆ, ಶಾಂತಕ್ಕ ಈ ವಾರದ್ದು ಬ್ಯಾರೇರಿಗೆ ಮಾತು ಕೊಟ್ಟುಬಿಟ್ಟಾಳ. ಸೋಮವಾರದ ತನಕ ಆಗಲ್ಲಂತ." ಆಮೇಲೆ ಬೆರಳು ಮಡಿಸಿ ಏನೋ ಲೆಕ್ಕ ಹಾಕಿದಳು. "ಹಂಗಾದ್ರ ಮೂರು ಕೆಜಿ ಕಡ್ಲಿಹಿಟ್ಟು ಕೊಡ್ರಿ. ಉಳ್ಳಾಗಡ್ಡಿ ಅದಾವಲ್ಲ? ಝುಣಕ ಮಾಡ್ತೀನಿ. ಆರಕ್ಕ ಗೊತ್ತಾದ್ರ ಏನರ ಮಾಡಬೌದು ಅಣ್ಣ. ಒಂಬತ್ತೂವರಿಗೆ ಗೊತ್ತಾದ್ರ ಏನೂ ಮಾಡಾಕಾಗಲ್ಲ."

ಅವಳು ಹೋದ ಮೇಲೆ ಅವ್ವನ ಹತ್ತಿರ ಹೋಗಿ ನಿಂತೆ, ಒಂಬತ್ತು ವರ್ಷದವನ ಹಾಗೆ.

"ತಪ್ಪಾತವ್ವ. ಅಪ್ಪನ ಮಾತು ಮುರದೆ."

"ಯಾವ ಮಾತು?"

"ಗಿರಾಕಿಗೆ ಇಲ್ಲ ಅನ್ನಬಾರದು ಅಂತ. ನೀ ಎಷ್ಟು ಕೆಮ್ಮಿದ್ರೂ ಕೇಳಲಿಲ್ಲ ನಾನು."

ಅವ್ವ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು. "ಮೆಣಸಿನಕಾಯಿ ಮೂಟಿ ಬಾಜೂ ಕುಂದ್ರಿಸಿದ್ರ ಕೆಮ್ಮದಾ ಏನು ಹಾಡ್ಲೇನು? ನಿಮ್ಮಪ್ಪ ಅಂದಿದ್ದು ಉಪ್ಪಿಗೆ. ಉಪ್ಪು ಕೇಳ್ಕೊಂಡು ಬಂದವರಿಗೆ ಇಲ್ಲ ಅನ್ನಬಾರದು ಅಂತ. ಉಪ್ಪಿಗಷ್ಟ. ಬದನಿಕಾಯಿಗೆ ಯಾರರ ಹಂಗಂತಾರೇನಪಾ?"

ಆಗ ನೆನಪಾಯಿತು. ಆವತ್ತು ಬಂದವಳು ಕೈಯಲ್ಲಿ ಪುಟ್ಟ ಡಬ್ಬಿ ಹಿಡಿದಿದ್ದಳು. ಕೇಳಿದ್ದು ಉಪ್ಪು. ನನಗೆ ಏಟು ನೆನಪಿತ್ತು, ಉಪ್ಪು ಮರೆತಿತ್ತು.

"ಮತ್ತ ಇಷ್ಟು ವರ್ಷ ಹೇಳಲಿಲ್ಲಲ್ಲವ್ವ?"

"ನೀ ಕೇಳಿದ್ದೇನು? ನೀ ಎಲ್ಲಾರಿಗೂ ನಾಳೆ ನಾಳೆ ಅಂತಿದ್ದಿ. ವ್ಯಾಪಾರದ ಹೊಸ ಪದ್ಧತಿ ಇರಬೇಕು ಅನ್ಕಂಡೆ."

ಮಧ್ಯಾಹ್ನ ಊಟ ಸೇರಲಿಲ್ಲ. ಅಪ್ಪನ ಕಾನೂನು, ಅವ್ವನ ಕೆಮ್ಮು ಎಂದು ಇಷ್ಟು ವರ್ಷ ಇಬ್ಬರ ಹಿಂದೆ ಅಡಗಿಕೊಂಡಿದ್ದೆ. ನಿಜವೆಂದರೆ ಎದುರಿಗಿದ್ದವರ ಮುಖ ಬಾಡುವುದನ್ನು ನೋಡಲು ನನಗೆ ಧೈರ್ಯವಿಲ್ಲ. ಇವತ್ತು ಬಾಡುವುದು ಬೇಡ, ನಾಳೆ ಬಾಡಲಿ, ಆಗ ನಾನು ಮನೆಯೊಳಗೆ ಅಡಗಿರುತ್ತೇನೆ ಎಂಬ ಬುದ್ಧಿ.

ನವೆಂಬರ್ 8, ಶನಿವಾರ

ವಿಜಯಶ್ರೀ ಕಡೆಯಿಂದ ಶಾಂತಕ್ಕನ ಫೋನ್ ನಂಬರ್ ತರಿಸಿಕೊಂಡು, ಉಚ್ಚಮ್ಮನಿಗೆ ಹೇಳದೆ ಮಿಲ್ಲಿಗೆ ಹೋದೆ. ಹತ್ತಿ ಎಳೆಗಳ ನಡುವೆ ಮ್ಯಾನೇಜರ್ ಶಿವಕೃಷ್ಣ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೂತಿದ್ದರು. ಗುರುವಾರದ ತಪ್ಪು ನನ್ನದು, ಅವಳದಲ್ಲ ಎಂದು ಶುರುಮಾಡಿ ಭಾನುವಾರದಿಂದ ಎಲ್ಲ ಹೇಳಿದೆ. ಹೆಲ್ಮೆಟ್ ಬಿಟ್ಟು.

"ನಿನ್ನೆ ಝುಣಕ ಚಲೋ ಇತ್ತು," ಎಂದರು. "ಇವತ್ತು ಶೇಂಗಾ ಹಾಕಿ ಏನೋ ಮಾಡಿದ್ದಳು, ಅದೂ ನಡೀತು. ಸಮಸ್ಯೆ ಆಕಿ ಕೈಯಾಗಿಲ್ಲ. ತರಕಾರಿ ಬರೋದರ ಮ್ಯಾಲೆ ನಂಬಿಕಿ ಇಲ್ಲ. ಸರೇ, ಸೋಮವಾರದಿಂದ ದಿನಾ ಎಂಟು ಕೆಜಿ ನಿಮ್ಮ ಅಂಗಡಿಯಿಂದ ಬರ್ತದೇನು? ಹೌದು ಅನ್ನಿ, ಕೋಣೆ ಆಕಿಗೇ ಕೊಡ್ತೀನಿ."

ಇಂಥ ಪರೀಕ್ಷೆ ಯಾವ ವೈರಿಗೂ ಬೇಡ. "ಬರ್ತೈತಿ" ಎಂಬುದು ನಾಲಿಗೆಯ ತುದಿಗೆ ತಾನಾಗಿ ಬಂದು ಕೂತಿತ್ತು. ಒಂದೇ ಮಾತು, ಅವಳಿಗೆ ಗ್ಯಾಸು, ನಳ, ಕಲ್ಲಿನ ನೆಲ.

"ಇಲ್ಲ ಸಾರ್. ನನ್ನ ಕಡೆಯಿಂದ ಆಗಲ್ಲ," ಎಂದೆ. "ಆಕಿ ಅಕ್ಕನ ಹೊಲ ಹೊಳಗುಂದದಾಗೈತಿ. ಸೋಮವಾರದಿಂದ ಅಲ್ಲಿಂದ ಮೊದಲ್ನೇ ಬಸ್ಸಿಗೆ ಬರ್ತೈತಿ. ಆಕಿ ಭಾನುವಾರನ ಹಂಗ ಮಾಡ್ತಿದ್ಲು, ಅಡ್ಡ ಬಂದವನು ನಾನು. ನನ್ನ ಮಾತೂ ನಂಬಬ್ಯಾಡ್ರಿ, ಶಾಂತಕ್ಕನ ನಂಬರ್ ತಂದೀನಿ, ನೀವ ಕೇಳ್ರಿ."

ಅವರು ಫೋನ್ ಮಾಡಿ ತೆಲುಗಿನಲ್ಲಿ ಐದು ನಿಮಿಷ ಮಾತಾಡಿದರು. ಇಟ್ಟ ಮೇಲೆ, "ಸರೇ, ಚೂಸ್ತಾನು," ಎಂದರು. ನೋಡ್ತೀನಿ ಅಂತ.

ಆ ಸರಕು ನನಗೆ ಚೆನ್ನಾಗಿ ಗೊತ್ತು. ನಾನೇ ಮಾರುತ್ತಿದ್ದದ್ದು. ಎದ್ದವನು ಮತ್ತೆ ಕೂತೆ. "ಸಾರ್, ಹೌದೋ ಅಲ್ಲೋ ಈಗ ಹೇಳಿಬಿಡ್ರಿ. ಅಲ್ಲ ಅಂದ್ರೂ ಪರವಾಗಿಲ್ಲ. ಆಕಿಗೆ ಇವತ್ತ ಗೊತ್ತಾದ್ರ ಬ್ಯಾರೆ ದಾರಿ ನೋಡ್ಕೋತಾಳ."

ಅವರು ಕರವಸ್ತ್ರ ಬಿಚ್ಚಿ ನನ್ನನ್ನು ನೋಡಿದರು. "ಮಂಗಳವಾರದಿಂದ ಕೋಣೆ ಆಕಿಗೆ. ಒಂದು ತಿಂಗಳು ನಡೆಸಲಿ, ಆಮೇಲೆ ವರ್ಷಕ್ಕೆ ಬರೆದುಕೊಡ್ತೀನಿ."

ವಾಪಸ್ ಬರುತ್ತ ಆಂಜಿಗೆ ಎಲ್ಲ ಹೇಳಿದೆ. "ಅಣ್ಣ, ಮ್ಯಾನೇಜರಿಗೆ ಹಂಗ ಎದುರು ಕೂತು ಕೇಳಿದ್ರಾ? ನೀವಾ?" ಎಂದ. ಅದರಲ್ಲೇನು ವಿಶೇಷವೋ ಗೊತ್ತಿಲ್ಲ. ಅವನಿಗೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆ.

ನವೆಂಬರ್ 9, ಭಾನುವಾರ

ಮೆಣಸಿನಕಾಯಿ ಮೂಟೆಗಳನ್ನು ಹಿತ್ತಲ ಕೋಣೆಗೆ ಸಾಗಿಸಿದೆ. ಕನ್ನಡಿಯನ್ನು ಮನೆಗೆ ಒಯ್ದೆ. ಏಣಿ ಹಾಕಿ ಬೋರ್ಡಿನಲ್ಲಿ "ಸದಾ" ಕೆರೆದೆ. ಕೆಂಪು ಬಣ್ಣ ಒಳ್ಳೆಯ ಜಾತಿಯದು, ಅರ್ಧ ಮಾತ್ರ ಹೋಯಿತು.

ನವೆಂಬರ್ 10, ಸೋಮವಾರ

ಬೆಳಿಗ್ಗೆ ಏಳಕ್ಕೆ ಬಸ್ ಸ್ಟ್ಯಾಂಡಿನ ಕಡೆಯಿಂದ ಆಟೊದಲ್ಲಿ ಉಚ್ಚಮ್ಮ ಬಂದಳು. ಕಾಲ ಕೆಳಗೊಂದು ಮೂಟೆ, ತೊಡೆಯ ಮೇಲೊಂದು. ಬದನೆಕಾಯಿ ಎಂದರೆ ಅವು, ಇನ್ನೂ ಮುಳ್ಳು ಚುಚ್ಚುವಂಥವು. ನನ್ನ ರ‍್ಯಾಕ್ ಬಣಬಣ. ನಾಚಿಕೆ ಬಿಟ್ಟು ರಸ್ತೆಗೆ ಓಡಿದೆ.

"ಉಚ್ಚಮ್ಮ, ಎರಡು ಕೆಜಿ ನನಗ ಕೊಡ್ತೀಯೇನವ್ವ?"

"ಇಲ್ರಿ ಅಣ್ಣ," ಎಂದಳು. ಎಷ್ಟು ಸಲೀಸಾಗಿ ಅಂದಳು ಎಂದರೆ ನನಗೆ ಹೊಟ್ಟೆಕಿಚ್ಚಾಯಿತು. "ನನಗಷ್ಟ ಅದಾವ. ಶಾಂತಕ್ಕನ ಬಾಜೂ ಹೊಲದ ಯರ್ರೆಪ್ಪನ ಹತ್ರ ಪುಂಡಿಪಲ್ಯ ಐತಂತ. ಈಗ ಫೋನ್ ಮಾಡ್ರಿ, ಎರಡ್ನೇ ಬಸ್ಸಿಗೆ ಹಾಕ್ತಾನ."

ಮಾಡಿದೆ. ಹತ್ತು ಗಂಟೆಗೆ ನನ್ನ ರ‍್ಯಾಕಿನಲ್ಲಿ ಪುಂಡಿಪಲ್ಯದ ಹದಿನೈದು ಕಟ್ಟು ಇದ್ದವು. ಹನ್ನೊಂದಕ್ಕೆ ಮುಗಿದವು. ಆಮೇಲೆ ಬಂದ ದಸ್ತಗಿರಮ್ಮನಿಗೆ "ಇಲ್ಲ" ಎಂದೆ. "ನಾಳೆ?" ಎಂದಳು. "ಗೊತ್ತಿಲ್ಲ" ಎಂದೆ. ಅವಳು ಜ್ವರ ಬಂದಿದೆಯೇನೋ ಎಂಬ ಹಾಗೆ ನನ್ನ ಮುಖ ನೋಡಿ ಹೋದಳು.

ಸಂಜೆ ಐದೂವರೆಗೆ ಉಚ್ಚಮ್ಮ ಮತ್ತೆ ಬಂದಳು, ತಲೆಗೆ ಎರೆದುಕೊಂಡು, ಹೊಸ ಸೀರೆ ಉಟ್ಟು. "ಅಣ್ಣ, ಮಿಲ್ಲಿನ ಕೋಣಿ ಬೀಗ ಕೊಟ್ರು. ದೀಪ ಹಚ್ಚೋದ್ರಾಗ ಹೋಗಿ ಮೊದ್ಲು ಉಪ್ಪು ಇಟ್ಟು ಬರಬೇಕು. ಒಂದು ಪಾಕೀಟು ಉಪ್ಪು ಕೊಡ್ರಿ."

ಉಪ್ಪಿನ ಜಾಗಕ್ಕೆ ಕೈ ಹಾಕಿದೆ. ಕೈಗೆ ಹಲಗೆ ಸಿಕ್ಕಿತು. ಹತ್ತು ದಿನ ಬದನೆಕಾಯಿ, ಸೋರೆಕಾಯಿ ಎಂದು ಊರೆಲ್ಲ ಓಡಾಡಿದ ಮಹಾಶಯ ಉಪ್ಪು ತರಿಸುವುದನ್ನೇ ಮರೆತಿದ್ದ. ಇಡೀ ಅಂಗಡಿಯಲ್ಲಿ ಯಾವುದೊಂದಕ್ಕೆ ಇಲ್ಲ ಅನ್ನಬಾರದಿತ್ತೋ ಅದೊಂದೇ ಇರಲಿಲ್ಲ.

ಉಚ್ಚಮ್ಮ ನನ್ನ ಮುಖ ಓದಿದಳು. ನಕ್ಕಳು. "ಇಲ್ಲ ಅನ್ರಿ ಅಣ್ಣ. ಈಗ ಬರ್ತೈತಲ್ಲ ನಿಮಗ."

"ನಿಲ್ಲು," ಎಂದೆ. ಹೊತ್ತು ಮುಳುಗಲು ಬಂದಿತ್ತು, ದೀಪ ಹಚ್ಚಿದ ಮೇಲೆ ಮನೆಯ ಉಪ್ಪು ಹೊಸ್ತಿಲು ದಾಟುವಂತಿಲ್ಲ. ಹಿಂದಿನ ಬಾಗಿಲಿನಿಂದ ಮನೆಯೊಳಗೆ ಓಡಿದೆ. ವಿಜಯಶ್ರೀ ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದಳು. "ಕಡ್ಡಿ ಗೀರಬ್ಯಾಡ," ಎಂದು ಕೂಗಿ, ಅಡುಗೆ ಮನೆಯ ಉಪ್ಪಿನ ಭರಣಿಯನ್ನೇ ಎತ್ತಿ ತಂದು ಉಚ್ಚಮ್ಮನ ಚೀಲಕ್ಕೆ ಪೂರ್ತಿ ಸುರಿದೆ. ಅವಳು ಚೀಲವನ್ನು ಎದೆಗೆ ಒತ್ತಿಕೊಂಡು ಆಟೊ ಹತ್ತಿದಳು. ಅವಳ ಕಣ್ಣು ಕೆಂಪಗಿದ್ದವು. ಇವತ್ತು ಹೊಗೆ ಇರಲಿಲ್ಲ.

ಉಪವಾಸ ಮುಗಿಸಿ ಊಟಕ್ಕೆ ಕೂತೆವು. ಸಾರಿಗೆ ಉಪ್ಪು ಎಲ್ಲಿಂದ ಬರಬೇಕು? ಮದುವೆಯಾಗಿ ಇಪ್ಪತ್ಮೂರು ವರ್ಷದಿಂದ ವಿಜಯಶ್ರೀ ದಿನಾ ಕೇಳುವ ಮಾತನ್ನೇ ಕೇಳಿದಳು, "ಸಾರು ಚಲೋ ಆಗೈತೇನ್ರಿ?"

"ಇಲ್ಲ," ಎಂದೆ.

ಅವ್ವ ಕೆಮ್ಮಿದಳು. ಮೆಣಸಿನಕಾಯಿ ಮೂಟೆಗಳು ಹಿತ್ತಲ ಕೋಣೆಯಲ್ಲಿದ್ದವು.